ಬೀಳುವ ಮಗುವಿನ ಬಗ್ಗೆ ಮಧುಗಿರಿಯ ಗೆಳೆಯನಿಗೆ

ತುಮಕೂರು

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ನಾಲ್ಕು ದಿನಗಳಾದವು. ಮಗನಿಗೆ 16 ತಿಂಗಳು ತುಂಬಿದೆ, ನಡೆಯಲು ಕಲಿತು ಒಂದೂವರೆ ತಿಂಗಳಾದರೂ ಕಾಲು ಅಗಲಿಸಿ, ಕೈಗಳನ್ನು ಮೇಲೆತ್ತಿಕೊಂಡು ಓಲಾಡುತ್ತಲೇ ನಡೆಯುತ್ತಾನೆ, ಮಾತುಮಾತಿಗೆ ಬೀಳುತ್ತಾನೆ ಎಂದು ಬರೆದಿದ್ದೀಯೆ. ನಿಮ್ಮ ತಾಯಿಯವರು ದೃಷ್ಟಿಯಾಗಿದೆ ಎನ್ನುತ್ತಾರೆಂದೂ, ನಿನ್ನ ಮನೆಯವರಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದೂ ಓದಿದಾಗ ಎರಡು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣ ಮುಂದೆ ಬಂದಿತು. ಅದಕ್ಕಾಗಿಯೇ ಫೋನಿನಲ್ಲಿ ಎರಡು ಮಾತಿಗೆ ಮುಗಿಸದೆ ಕುಳಿತು ಬರೆಯುತ್ತಿದ್ದೇನೆ. ನಮ್ಮಂತೆಯೇ ಚಿಂತಿಸುವ ಇತರ ತಂದೆತಾಯಿಯರೂ ಓದಲಿ ಎಂದು ಇದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಮೊದಲಿಗೆ ಸಮಾಧಾನದ ಮಾತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಅವರ ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಆಡುವುದನ್ನು ನೋಡುತ್ತ ಲೆಕ್ಕವಿಟ್ಟು 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ವಯಸ್ಸಿನ ಮಗು ಸರಾಸರಿ ಒಂದು ಗಂಟೆಗೆ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಪ್ರಕಾರ, ಆರೋಗ್ಯವಂತ ಮಕ್ಕಳು ಸುಮಾರು 8 ತಿಂಗಳಿನಿಂದ ಹದಿನೇಳೂವರೆ ತಿಂಗಳೊಳಗೆ ಯಾವಾಗ ಬೇಕಾದರೂ ಸ್ವತಂತ್ರವಾಗಿ ನಡೆಯಲು ತೊಡಗಬಹುದು. ಕಾಲು ಅಗಲಿಸುವುದು, ಕೈ ಎತ್ತಿಕೊಳ್ಳುವುದು ಹೊಸದಾಗಿ ನಡೆಯುವ ಎಲ್ಲ ಮಕ್ಕಳ ರೀತಿ. ಕೆಲವು ತಿಂಗಳುಗಳಲ್ಲಿ ಕೈಗಳು ತಾವಾಗಿಯೇ ಕೆಳಗಿಳಿಯುತ್ತವೆ. ನಿನ್ನ ಪತ್ರದ ಆ ಭಾಗ ನನ್ನನ್ನು ಅಷ್ಟಾಗಿ ಕಾಡಲಿಲ್ಲ.

ನಾನು ನಿಂತು ಎರಡು ಸಲ ಓದಿದ್ದು ಕೊನೆಯಲ್ಲಿ ನೀನು ಸುಮ್ಮನೆ ಸೇರಿಸಿದ ಸಾಲನ್ನು. ಮಳೆಗಾಲದಿಂದ ನೆಗಡಿ ಬಿಟ್ಟಿಲ್ಲ, ಎರಡು ಸಲ ಕಿವಿ ಸೋರಿತು, ಕರೆದರೆ ಕೆಲವೊಮ್ಮೆ ತಿರುಗಿ ನೋಡುವುದಿಲ್ಲ ಎಂದಿದ್ದೀಯೆ. ಇದನ್ನು ಬಿಡಬೇಡ.

ನಮ್ಮ ಮಗಳು 13 ತಿಂಗಳಿಗೇ ಚೆನ್ನಾಗಿ ನಡೆದವಳು. 20ನೆಯ ತಿಂಗಳಲ್ಲಿ, ಒಂದು ದೀರ್ಘ ನೆಗಡಿಯ ನಂತರ, ನಡೆಯುತ್ತಿದ್ದವಳು ತಟ್ಟಾಡಿ ಅಲ್ಲೇ ಕೂರತೊಡಗಿದಳು. ಅದರಲ್ಲೊಂದು ಕ್ರಮವಿರುವುದನ್ನು ಮೊದಲು ಗುರುತಿಸಿದವಳು ನಮ್ಮ ಅಮ್ಮ. ಹಗಲಿನಲ್ಲಿ ಜಗುಲಿಯ ಮೇಲೆ ಆರಾಮವಾಗಿ ಓಡಾಡುವ ಮಗು, ಕರೆಂಟು ಹೋದ ಕೂಡಲೇ ಗೋಡೆ ಹುಡುಕುತ್ತಿತ್ತು. ಊರಿಗೆ ಹೋದಾಗ ರಾಗಿ ಹುಲ್ಲು ಹರಡಿದ್ದ ಕಣದಲ್ಲಿ ನಾಲ್ಕು ಹೆಜ್ಜೆಯೂ ಇಡಲಾಗದೆ ಅತ್ತಿತು. ತೋರಿಸಿದ ಮೊದಲ ವೈದ್ಯರು ಅವಳನ್ನು ನಡೆಸಿಯೂ ನೋಡದೆ, ಮಕ್ಕಳು ಬೀಳುವುದು ಸಹಜವೆಂದು ಹೇಳಿ ಟಾನಿಕ್ ಬರೆದುಕೊಟ್ಟರು. ಆ ಮಾತನ್ನು ನಂಬಿ ನಾವು ಆರು ವಾರ ಸುಮ್ಮನಿದ್ದೆವು. ಆ ಆರು ವಾರಗಳ ಬಗ್ಗೆ ನನಗೆ ಇಂದಿಗೂ ನೋವಿದೆ.

ಕಡೆಗೆ ಕಿವಿ, ಮೂಗು, ಗಂಟಲಿನ ತಜ್ಞರೊಬ್ಬರು ಅಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕಣ್ಣು, ಒಳಕಿವಿ, ಕಾಲಿನ ಕೀಲು ಮತ್ತು ಅಂಗಾಲಿನ ಸ್ಪರ್ಶ ಎಂಬ ಮೂರು ಕಡೆಯಿಂದ ಬರುವ ಸುದ್ದಿಯನ್ನು ಮಿದುಳು ಕೂಡಿಸಿಕೊಂಡು ದೇಹವನ್ನು ನೇರವಾಗಿ ನಿಲ್ಲಿಸುತ್ತದೆಂದೂ, ಕತ್ತಲೆಯಲ್ಲಿ ಕಣ್ಣಿನ ಆಸರೆ, ಮೆತ್ತನೆಯ ಹುಲ್ಲಿನ ಮೇಲೆ ಕಾಲಿನ ಆಸರೆ ತಪ್ಪಿದಾಗ ಭಾರವೆಲ್ಲ ಒಳಕಿವಿಯ ಮೇಲೆ ಬೀಳುತ್ತದೆಂದೂ ಅವರು ವಿವರಿಸಿದಾಗ, ನಮಗೆ ಕರೆಂಟು ಹೋದ ಆ ಸಂಜೆಗಳೆಲ್ಲ ಅರ್ಥವಾದವು. ಪರೀಕ್ಷಿಸಿದಾಗ ಎರಡೂ ಕಿವಿತಮಟೆಗಳ ಹಿಂದೆ, ಪಕ್ಕದ ಒಳಕಿವಿಯ ಕೆಲಸಕ್ಕೂ ತೊಡಕಾಗಬಲ್ಲ ಅಂಟಾದ ದ್ರವ ನಿಂತಿತ್ತು. ನೋವು, ಜ್ವರ ಯಾವುದೂ ಇರಲಿಲ್ಲ. ಇಂಥ ದ್ರವ ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಇಂಗುತ್ತದೆ. ಹಾಗೆಯೇ ಉಳಿದು ಕೇಳಿಸುವುದೂ ಕಡಿಮೆಯಾದರೆ ತಮಟೆಯಲ್ಲಿ ಸಣ್ಣ ನಳಿಕೆ ಕೂರಿಸುವ ಶಸ್ತ್ರಚಿಕಿತ್ಸೆಯಿದೆ. ನಮ್ಮವಳಿಗೆ ಅದು ಬೇಕಾಗಲಿಲ್ಲ. ದ್ರವ ಹೋದಂತೆ ಅವಳ ಹೆಜ್ಜೆಯೂ ಗಟ್ಟಿಯಾಯಿತು, ಮಾತೂ ಹೆಚ್ಚಿತು.

ನಿನ್ನ ಮಗನದೂ ಇದೇ ಎಂದು ನಾನು ಹೇಳಲಾರೆ, ಅದನ್ನು ವೈದ್ಯರೇ ನೋಡಿ ಹೇಳಬೇಕು. ಅಲ್ಲಿಯವರೆಗೆ ಸೋರುವ ಕಿವಿಗೆ ಬಿಸಿ ಮಾಡಿದ ಎಣ್ಣೆ ಬಿಡಲು ಯಾರಿಗೂ ಅವಕಾಶ ಕೊಡಬೇಡ. ತಾಯಿಯವರು ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ಅದಕ್ಕಾಗಿ ಮನೆಯಲ್ಲಿ ಮನಸ್ತಾಪ ಬೇಡ, ಆದರೆ ವೈದ್ಯರಲ್ಲಿಗೆ ಹೋಗುವ ದಿನ ಮುಂದಕ್ಕೆ ಹೋಗದಿರಲಿ. ಹೊಸ ಜಾಗದಲ್ಲಿ ಮಗು ತಾಯಿಯ ಕಂಕುಳು ಬಿಟ್ಟು ಇಳಿಯುವುದೇ ಇಲ್ಲವಾದ್ದರಿಂದ, ಅವನು ಮನೆಯಲ್ಲಿ ನಡೆಯುವುದನ್ನು, ಬೀಳುವುದನ್ನು, ಬಿದ್ದು ಏಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗು. ನಮಗೆ ಅದರಿಂದ ಬಹಳ ಉಪಕಾರವಾಯಿತು.

ನೀನು ಕೊಳ್ಳಬೇಕೆಂದಿರುವ ವಾಕರ್ ಮಾತ್ರ ದಯವಿಟ್ಟು ಬೇಡ. ಅದರಲ್ಲಿ ಕೂತ ಮಗು ಬೇಗ ನಡೆಯಲು ಕಲಿಯುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯ ಹೆಚ್ಚು. ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಇನ್ನೊಂದು ವಿಷಯವನ್ನು ನಿನ್ನನ್ನು ಹೆದರಿಸಲೆಂದು ಬರೆಯುತ್ತಿಲ್ಲ, ಗೊತ್ತಿರಲಿ ಎಂದಷ್ಟೇ. ಚೆನ್ನಾಗಿ ನಡೆಯುತ್ತಿದ್ದ ಮಗು ಒಂದೆರಡು ದಿನದಲ್ಲೇ ಕುಡಿದವರಂತೆ ತೂರಾಡತೊಡಗಿದರೆ, ಬೆಳಗಿನ ಹೊತ್ತು ಮತ್ತೆಮತ್ತೆ ವಾಂತಿ ಮಾಡಿಕೊಂಡರೆ, ಕಣ್ಣುಗುಡ್ಡೆಗಳು ಅದುರಿದರೆ, ಅಥವಾ ಒಂದೇ ಕಡೆಯ ಕೈಕಾಲು ಸೋತಂತೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಿಡುಬಿನಂತೆ ಏಳುವ ಚಿಕನ್‌ಪಾಕ್ಸ್ ಬಂದುಹೋದ ಮೇಲೆ ಕೆಲವು ಮಕ್ಕಳಿಗೆ ಸಮತೋಲನ ನೋಡಿಕೊಳ್ಳುವ ಕಿರುಮಿದುಳು ಬಾಧಿತವಾಗಿ ಹೀಗಾಗುವುದುಂಟು, ಹೆಚ್ಚಿನವರು ಗುಣವಾಗುತ್ತಾರೆ. ಹಿರಿಯರ ಮಾತ್ರೆಗಳನ್ನು, ಮುಖ್ಯವಾಗಿ ನಿದ್ದೆಯವನ್ನೂ ಮೂರ್ಛೆಯವನ್ನೂ, ಮಗು ನುಂಗಿದಾಗಲೂ ಹೀಗೆಯೇ ತೂರಾಡುತ್ತದೆ. ನಿಮ್ಮ ತಂದೆಯವರ ಮಾತ್ರೆಯ ಡಬ್ಬಿಯನ್ನು ಇವತ್ತೇ ಅಟ್ಟದ ಮೇಲಿಡು.

ಖರ್ಚಿನ ಬಗ್ಗೆ ನೀನು ಬರೆದಿದ್ದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡುತ್ತದೆ, ಬೇಕಾದವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುತ್ತದೆ. ಕಿವಿ ಕೇಳಿಸದಿರುವುದೂ, ಬೆಳವಣಿಗೆ ತಡವಾಗುವುದೂ ಅವರ ಪಟ್ಟಿಯಲ್ಲಿವೆ. ನಿಮ್ಮ ಬೀದಿಯ ಅಂಗನವಾಡಿ ಟೀಚರನ್ನು ಕೇಳಿದರೆ ತಿಳಿಯುತ್ತದೆ. ಆದರೆ ತಂಡ ಬರುವವರೆಗೆ ಕಾಯುವುದು ಬೇಡ. ತಾಯಿ ಕಾರ್ಡು ತೆಗೆದುಕೊಂಡು ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಇಲ್ಲಿಗೆ ಬಂದುಬಿಡಿ. ನಾನು ರಜೆ ಹಾಕಿ ಬಸ್ ನಿಲ್ದಾಣಕ್ಕೆ ಬಂದಿರುತ್ತೇನೆ. ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಮೊದಲು ಕಿವಿಯನ್ನೇ ತೋರಿಸೋಣ. ಹೊತ್ತಾದರೆ ರಾತ್ರಿ ನಮ್ಮ ಮನೆಯಲ್ಲೇ ಉಳಿದರಾಯಿತು, ಅಮ್ಮನಿಗೂ ಮಗುವನ್ನು ನೋಡಿದಂತಾಗುತ್ತದೆ.

ನಿನ್ನ ಗೆಳೆಯ