ಸಿಸ್ಟರ್ ಅತ್ತೆಯ ಕಾಗದಗಳು ಯಾರ ಹತ್ತಿರ ಇವೆ?

ಎಲ್ಲರಿಗೂ ನಮಸ್ಕಾರ. ನವೆಂಬರ್ 2, ಮೃತ ವಿಶ್ವಾಸಿಗಳ ಸ್ಮರಣೆಯ ದಿನ, ನಮ್ಮ ಸಿಸ್ಟರ್ ಅತ್ತೆಗಾಗಿ ಬಲಿಪೂಜೆ (ಚರ್ಚಿನ ಮಾಸ್) ಇದೆ. ಅಷ್ಟರೊಳಗೆ ಅವರು ತಾಂಜಾನಿಯಾದಿಂದ ಬರೆದ ಕಾಗದಗಳನ್ನೆಲ್ಲ ಒಂದು ಕಡೆ ಸೇರಿಸೋಣ ಅಂತಿದ್ದೇವೆ. ಆ ನೀಲಿ ಏರೋಗ್ರಾಂಗಳು, ಮಡಚಿ ಅಂಟಿಸಿದರೆ ತಾನೇ ಲಕೋಟೆಯಾಗುವ ವಿಮಾನ ಅಂಚೆ ಕಾಗದಗಳು, ನೆನಪಿವೆ ಅಲ್ವಾ? ಜಾಗ ಸಾಲದೆ ಮಡಿಕೆಯ ಅಂಚಿನಲ್ಲೂ ಬರೆಯುತ್ತಿದ್ದರು. ಮಿಷನ್ ಆಸ್ಪತ್ರೆಯ ಕೆಲಸದ ಬಗ್ಗೆ ಎರಡೇ ಸಾಲು, ನಮ್ಮ ಪರೀಕ್ಷೆ ಬಗ್ಗೆ ಅರ್ಧ ಪುಟ!

ಕಾಗದದ ಎರಡೂ ಬದಿ ಹಗಲು ಬೆಳಕಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ. ಅಂಚೆ ಮುದ್ರೆಯೂ ಕಾಣಲಿ, ಅತ್ತೆ ಇಸವಿ ಬರೆಯುತ್ತಲೇ ಇರಲಿಲ್ಲ. ಹರಿದಿದ್ದರೆ ದಯವಿಟ್ಟು ಟೇಪ್ ಅಂಟಿಸಬೇಡಿ, ಅಂಟು ಹಳದಿಯಾಗಿ ಕಾಗದ ಹಾಳಾಗುತ್ತದೆ. ಕಾಗದ ಇಲ್ಲದವರು ನೆನಪುಗಳನ್ನು ವಾಯ್ಸ್ ಮೆಸೇಜಲ್ಲಿ ಹೇಳಿ. ಸುಮ್ನೆ ಹೊಗಳುವುದು ಬೇಡ, ಅವರ ಸಿಟ್ಟಿನ ಕಥೆಗಳೂ ಬರಲಿ.