ಶಾಲೆಯ ಪುಸ್ತಕದ ಬೀರುವಿಗೆ ಬೀಗ ಬೇಡ

ಮಾನ್ಯ ಸಂಪಾದಕರೇ,

ಸಕಲೇಶಪುರದ ಕಡೆ ಮಳೆ ಹಿಡಿದುಕೊಂಡಿದೆ. ಈ ದಿನಗಳು ಬಂದರೆ ನಾನು ಕೆಲಸ ಮಾಡಿದ ಒಂದು ಕಿರಿಯ ಪ್ರಾಥಮಿಕ ಶಾಲೆಯ ಕಬ್ಬಿಣದ ಬೀರು ಕಣ್ಣ ಮುಂದೆ ಬರುತ್ತದೆ. ಜೂನ್‌ನಲ್ಲಿ ಮುಚ್ಚಿದ ಬೀರುವನ್ನು ದಸರಾ ರಜೆ ಹೊತ್ತಿಗೆ ತೆಗೆದರೆ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಕಥೆಪುಸ್ತಕಗಳ ರಟ್ಟಿನ ಮೇಲೆ ಬೂದಿ ಬಳಿದ ಹಾಗೆ ಪದರ, ಒಂದಕ್ಕೊಂದು ಅಂಟಿಕೊಂಡ ಹಾಳೆಗಳು. ಒಂದು ಮಗುವಿನ ಕೈಯೂ ತಾಗದೆ ಹಾಳಾದ ಪುಸ್ತಕಗಳು ಅವು. ಆ ಬೀರುವಿನ ಬೀಗದ ಕೈ ಹನ್ನೊಂದು ವರ್ಷ ಇದ್ದದ್ದು ನನ್ನ ಹತ್ತಿರ.

ಬೀಗ ಯಾಕೆ ಹಾಕುತ್ತಿದ್ದೆ ಎಂದು ಹೇಳಿಬಿಡುತ್ತೇನೆ. ನಾನು ಮುಖ್ಯ ಶಿಕ್ಷಕಿಯಾಗಿ ಚಾರ್ಜ್ ತೆಗೆದುಕೊಂಡ ದಿನ ದಾಸ್ತಾನು ವಹಿ ಹಿಡಿದು ಪುಸ್ತಕ ಎಣಿಸಿದರು. ಹದಿನಾಲ್ಕು ಕಡಿಮೆ ಬಂದವು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ನಿವೃತ್ತಿಗೆ ಹತ್ತಿರವಿದ್ದವರು, ಮಕ್ಕಳಿಗೆ ಧಾರಾಳವಾಗಿ ಪುಸ್ತಕ ಕೊಡುತ್ತಿದ್ದವರು. ಏನೂ ಮಾತಾಡದೆ ಕೈಯಿಂದ ದುಡ್ಡು ಎಣಿಸಿ ಮೇಜಿನ ಮೇಲಿಟ್ಟರು. ಮೊತ್ತ ದೊಡ್ಡದೇನಲ್ಲ. ಆದರೆ ಮೂವತ್ತು ವರ್ಷ ಅಕ್ಷರ ಕಲಿಸಿದವರು ತಲೆ ತಗ್ಗಿಸಿ ನಿಂತದ್ದನ್ನು ನೋಡಿದೆನಲ್ಲ, ಅವತ್ತೇ ಬೀಗ ಹಾಕಿದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಪುಸ್ತಕ ಒಳಗೇ ಉಳಿಯುವುದಕ್ಕೆ ಈ ಭಯ ಕಾರಣ. ಮೇಷ್ಟ್ರುಗಳಿಗೆ ಓದಿನ ಮೇಲೆ ಪ್ರೀತಿ ಇಲ್ಲ ಎಂದು ಊರವರು ಆಡಿಕೊಳ್ಳುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ.

ಈಗ ನಿವೃತ್ತಳಾಗಿ ಮೂರು ವರ್ಷ. ಮನೆಗೆ ಹತ್ತಿರದ ಸರ್ಕಾರಿ ಶಾಲೆಯ ನಲಿಕಲಿ ತರಗತಿಗೆ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯ ಮೂಲಕ ಕಲಿಯುವ ಕೋಣೆಗೆ, ಬುಧವಾರ ಮತ್ತು ಶನಿವಾರ ಹೋಗುತ್ತೇನೆ. ಅಲ್ಲಿನ ಮಿಸ್ ಒಪ್ಪಿದ ಮೇಲೆ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ, ಎರಡು ಕಿಟಕಿಗಳ ನಡುವೆ ಮಕ್ಕಳ ಎದೆಮಟ್ಟಕ್ಕೆ ನೈಲಾನ್ ಹಗ್ಗ ಕಟ್ಟಿದ್ದು. ಸಂತೆಯಿಂದ ಬಟ್ಟೆ ಕ್ಲಿಪ್ಪು ತಂದು ಅರುವತ್ತು ಪುಸ್ತಕಗಳನ್ನು ಮುಖಪುಟ ಕಾಣುವ ಹಾಗೆ ತೂಗುಹಾಕಿದೆವು. ನಲಿಕಲಿ ಕೋಣೆಯಲ್ಲಿ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಹಗ್ಗದ ಕಲಿಕಾ ಚಪ್ಪರ ಇದ್ದೇ ಇರುತ್ತದೆ, ಆದರೆ ಅದು ತಲೆಯ ಮೇಲೆ. ಒಂದನೇ ತರಗತಿಯ ಮಗುವಿಗೆ ಪುಸ್ತಕದ ಬೆನ್ನು ಓದಲು ಬರುವುದಿಲ್ಲ. ಸಾಲಾಗಿ ನಿಲ್ಲಿಸಿಟ್ಟರೆ ಅದಕ್ಕೆ ಎಲ್ಲವೂ ಒಂದೇ. ಆನೆಯ ಚಿತ್ರ ಕಂಡರೆ ಅದೇ ಕೈಚಾಚಿ ತೆಗೆದುಕೊಳ್ಳುತ್ತದೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಗಾಳಿಯಾಡುವ ಹಗ್ಗದ ಮೇಲೆ, ದಿನಾ ತಿರುವಿಹಾಕುವ ಪುಸ್ತಕಕ್ಕೆ ಕಳೆದ ಮಳೆಗಾಲದಲ್ಲಿ ಬೂಷ್ಟು ಹಿಡಿಯಲಿಲ್ಲ.

ನಲಿಕಲಿಯಲ್ಲಿ ಮೊದಲು ಕಲಿಸುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದ ಒಬ್ಬ ಹುಡುಗ ಒಂದು ಶನಿವಾರ ಬಡಗಿಯ ಚಿತ್ರವಿದ್ದ ಪುಟದ ಮೇಲೆ ಬೆರಳು ಓಡಿಸುತ್ತಿದ್ದ. ಗೊತ್ತಿಲ್ಲದ ಪದ, ಗೊತ್ತಿಲ್ಲದ ಪದ, ಆಮೇಲೆ ‘ಗರಗಸ’. ಬೆರಳು ನಿಂತಿತು. “ಮಿಸ್, ಇದ್ನ ನಾನೇ ಓದ್ದೆ!” ಎಂದು ಕೂಗಿದ್ದಕ್ಕೆ ಇಡೀ ತರಗತಿ ತಿರುಗಿ ನೋಡಿತು. ಆ ಪುಸ್ತಕವನ್ನು ಮೂರು ವಾರ ಯಾರಿಗೂ ಬಿಟ್ಟುಕೊಡಲಿಲ್ಲ. ನಾನೂ ಕೇಳಲಿಲ್ಲ. ಒಂದೇ ಪುಸ್ತಕವನ್ನು ಹತ್ತು ಸಲ ಹಿಡಿದ ಮಗುವಿಗೆ “ಬೇರೆ ತಗೋ” ಎನ್ನುವುದು ನಮ್ಮ ಅಭ್ಯಾಸ. ಹತ್ತನೆಯ ಸಲಕ್ಕೆ ಆ ಪದಗಳು ಅದರ ಕಣ್ಣಿಗೆ ಗುರುತಾಗಿರುತ್ತವೆ, ತಡೆಯಬಾರದು.

ಕನ್ನಡ ಓದಲು ಶುರುಮಾಡುವವರಿಗೆ ಇನ್ನೊಂದು ತೊಡಕಿದೆ. ಮಗು ಆಡುವ ಮೊದಲ ಮಾತುಗಳೇ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಎಲ್ಲದರಲ್ಲೂ ಒತ್ತಕ್ಷರ. ಒತ್ತಕ್ಷರ ಕಲಿಸುವುದೋ ಗುಣಿತಾಕ್ಷರವೆಲ್ಲ ಮುಗಿದ ಮೇಲೆ. ಅಷ್ಟರವರೆಗೆ ಕಥೆಪುಸ್ತಕ ಬೇಡ ಎಂದರೆ ಎರಡು ವರ್ಷ ಹೋಗುತ್ತದೆ. ಅದಕ್ಕೇ ನಾವು ಓದಿ ಹೇಳಬೇಕು, ಪುಸ್ತಕ ಮಕ್ಕಳ ಕಡೆ ತಿರುಗಿಸಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ನಾಲ್ಕು ಸಲ ಹೀಗೆ ಕೇಳಿದ ಮಗು ‘ಅಜ್ಜಿ’ ಎಂಬ ಪದವನ್ನು ಜ-ಕ್ಕೆ ಜ ಒತ್ತು ಗೊತ್ತಿಲ್ಲದೆಯೇ ಗುರುತಿಸುತ್ತದೆ. ಕಥೆ ಮುಗಿದ ತಕ್ಷಣ “ಇದರ ನೀತಿ ಏನು?” ಎಂದು ಕೇಳುವುದನ್ನು ಮಾತ್ರ ದಯವಿಟ್ಟು ಬಿಡಬೇಕು. ಆ ಪ್ರಶ್ನೆ ಬಿದ್ದ ಕೂಡಲೇ ಮಕ್ಕಳು ಕೈಕಟ್ಟಿ ಕೂರುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ, ಕೇಳುತ್ತಿದ್ದವಳೂ ನಾನೇ.

ಐದನೇ ತರಗತಿಗೆ ಬಂದರೂ ತಡವರಿಸಿ ಓದುವ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ. ಅವರಿಗೆ ಚಿಕ್ಕವರ ಪುಸ್ತಕ ಕೊಟ್ಟರೆ ನಾಚಿಕೆ, ದೊಡ್ಡವರದು ಕೊಟ್ಟರೆ ಕಷ್ಟ. ಅಂಥ ಒಬ್ಬ ಹುಡುಗಿಗೆ, “ಒಂದನೇ ತರಗತಿಯವರಿಗೆ ಈ ಕಥೆ ಓದಿ ಹೇಳ್ತೀಯೇನಮ್ಮ, ನನ್ನ ಗಂಟಲು ಕಟ್ಟಿದೆ” ಎಂದೆ. ಹಿಂದಿನ ದಿನ ಮನೆಗೆ ಒಯ್ದು ಅಭ್ಯಾಸ ಮಾಡಿಕೊಂಡು ಬಂದಳು. ಒಂದು ಪುಟಕ್ಕೆ ಎರಡೇ ಸಾಲು. ಸುತ್ತ ಕೂತ ಆರು ಪುಟಾಣಿಗಳು ಬಾಯಿಬಿಟ್ಟು ಕೇಳಿದರು. ಅವಳು ತಪ್ಪಿದ ಕಡೆ ನಗುವವರು ಅಲ್ಲಿ ಯಾರೂ ಇರಲಿಲ್ಲ. ಈಗ ಪ್ರತಿ ಶನಿವಾರ ಅವಳೇ ಪುಸ್ತಕ ಆರಿಸುತ್ತಾಳೆ. ನಾನು ಸೇವೆಯಲ್ಲಿದ್ದಾಗ ಕೊಟ್ಟ ಯಾವ ವಿಶೇಷ ತರಗತಿಯೂ ಇಷ್ಟು ಕೆಲಸ ಮಾಡಿದ್ದು ನನಗೆ ನೆನಪಿಲ್ಲ.

ಪುಸ್ತಕದ ಆಯ್ಕೆಯ ಬಗ್ಗೆಯೂ ಒಂದು ಮಾತು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಆ ದುಡ್ಡಿನಲ್ಲಿ ಮಾರ್ಚ್ ಕೊನೆಗೆ ಅವಸರದಲ್ಲಿ ಸಾಮಾನ್ಯ ಜ್ಞಾನದ, ಸಣ್ಣಕ್ಷರದ ಮಹನೀಯರ ಜೀವನಚರಿತ್ರೆಯ ಕಟ್ಟು ಬಂದರೆ ಒಂದನೇ ತರಗತಿಗೆ ಸಿಗುವುದು ಸೊನ್ನೆ. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಐದು ಸೂತ್ರ ಕೊಟ್ಟರು. ಪುಸ್ತಕ ಇರುವುದು ಬಳಕೆಗೆ ಎನ್ನುವುದು ಮೊದಲನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಎನ್ನುವುದು ಎರಡನೆಯದು. ಆರು ವರ್ಷದವನೂ ಓದುಗನೇ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ಕನ್ನಡದಲ್ಲೂ ಹಂತ 1ರಿಂದ 4ರವರೆಗೆ ಗುರುತು ಹಾಕಿ ಪುಸ್ತಕ ತರುತ್ತಾರೆ. ಅವರ ಸ್ಟೋರಿವೀವರ್ ತಾಣದಲ್ಲಿ ಕಥೆಗಳು ಪುಕ್ಕಟೆ ಸಿಗುತ್ತವೆ. ಖರೀದಿಗೆ ಮೊದಲು ನಲಿಕಲಿ ಶಿಕ್ಷಕಿಯರನ್ನು ಒಂದು ಮಾತು ಕೇಳಿದರೆ ಸಾಕು, ಏನು ಬೇಕೆಂದು ಅವರಿಗೆ ಗೊತ್ತು.

ಪುಸ್ತಕ ಮನೆಗೂ ಹೋಗಬೇಕು. ಇಲ್ಲಿ ಅನೇಕ ಮಕ್ಕಳದು ಕಾಫಿ ತೋಟದ ಕೆಲಸಗಾರರ ಲೈನ್ ಮನೆ. ಮಳೆಗೆಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತೇವೆ. ವಹಿಯಲ್ಲಿ ಮಗು ತನ್ನ ಹೆಸರಿನ ಮುಂದೆ ಪುಸ್ತಕದ ನಂಬರು ತಾನೇ ಬರೆಯುತ್ತದೆ. ಒಬ್ಬ ತಾಯಿ ಪೋಷಕರ ಸಭೆಗೆ ಬಂದವರು ಹೇಳಿದರು: “ನಂಗೆ ಓದಕ್ ಬರಲ್ಲ ಮೇಡಂ. ಅವ್ಳೇ ಚಿತ್ರ ತೋರ್ಸಿ ಕಥೆ ಹೇಳ್ತಾಳೆ, ನಾನು ರೊಟ್ಟಿ ತಟ್ತಾ ಹೂಂ ಅಂತೀನಿ.” ಆ ಪುಸ್ತಕ ವಾಪಸ್ ಬಂದಾಗ ಮೂಲೆಯಲ್ಲಿ ಹಿಟ್ಟಿನ ಗುರುತಿತ್ತು. ಕಳೆದ ವರ್ಷ ನಮ್ಮಲ್ಲಿ ಮೂರು ಪುಸ್ತಕ ಕಳೆದವು, ಏಳು ಹರಿದವು. ಹರಿದವನ್ನು ಮಕ್ಕಳೇ ಗೋಂದು ಹಚ್ಚಿ ಅಂಟಿಸಿದರು.

ಆ ಮೂರಕ್ಕೆ ಮಿಸ್ ಕೈಯಿಂದ ದುಡ್ಡು ತೆರಬೇಕೇ? ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು (2017), ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಒಪ್ಪುತ್ತವೆ. ಅದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ. ದೊಡ್ಡವರು ಓದುವ ಕಡೆಯೇ ಇಷ್ಟು ವಿನಾಯಿತಿ ಇರುವಾಗ, ಆರು ವರ್ಷದ ಮಕ್ಕಳು ಮಳೆಯಲ್ಲಿ ನಡೆದು ಒಯ್ಯುವ ಪುಸ್ತಕಕ್ಕೆ ಇದಕ್ಕಿಂತ ಹೆಚ್ಚೇ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಪತ್ರಿಕೆ, ಕಥೆಪುಸ್ತಕಗಳಿರುವ ಗ್ರಂಥಾಲಯ ಇರಲೇಬೇಕೆನ್ನುತ್ತದೆ. ಮಕ್ಕಳ ಕೈಗೆ ಸಿಗದ ಬೀರು ಅದಕ್ಕೆ ಸಾಟಿಯಾಗದು.

ಆದ್ದರಿಂದ ನಮ್ಮ ಜಿಲ್ಲೆಯ ಶಿಕ್ಷಣಾಧಿಕಾರಿಗಳಲ್ಲಿ ನನ್ನ ಕೋರಿಕೆ ಒಂದೇ. ಒಂದರಿಂದ ಮೂರನೇ ತರಗತಿಯ ಮಕ್ಕಳು ಓದಿ ಸವೆಸಿದ, ಕಳೆದ ಪುಸ್ತಕಗಳನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆದು ದಾಸ್ತಾನಿನಿಂದ ತೆಗೆಯಬಹುದು, ಅದರ ಹಣ ಶಿಕ್ಷಕರಿಂದ ವಸೂಲಿ ಮಾಡುವಂತಿಲ್ಲ ಎಂದು ಸ್ಪಷ್ಟವಾದ ಒಂದು ಸುತ್ತೋಲೆಯನ್ನು, ಈ ಮಳೆಗಾಲ ಮುಗಿಯುವುದರೊಳಗೆ ಎಲ್ಲ ಶಾಲೆಗಳಿಗೆ ಕಳಿಸಿಕೊಡಿ.

– ನಿವೃತ್ತ ಮುಖ್ಯ ಶಿಕ್ಷಕಿ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ