ಸೊಂಟದ ಕೀಲು: ತಡವಾದಷ್ಟೂ ಶಸ್ತ್ರಚಿಕಿತ್ಸೆ ದೊಡ್ಡದು

ಮಾನ್ಯ ಸಂಪಾದಕರೇ,

ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿರುವ ಹಸುಗೂಸಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ. ಆದ್ದರಿಂದಲೇ ಮಗು ಕುಂಟುತ್ತಾ ನಡೆಯಲಾರಂಭಿಸುವವರೆಗೂ ಅನೇಕ ಪೋಷಕರಿಗೆ ತೊಂದರೆಯ ಸುಳಿವೇ ಸಿಗುವುದಿಲ್ಲ. 6 ತಿಂಗಳೊಳಗೆ ಪತ್ತೆಯಾದರೆ, ಕಾಲುಗಳನ್ನು ಮಡಿಸಿ ಅಗಲಿಸಿ ಹಿಡಿಯುವ ಪಾವ್ಲಿಕ್ ಪಟ್ಟಿಯಿಂದಲೇ ಹೆಚ್ಚಿನ ಮಕ್ಕಳ ಕೀಲು ಸರಿಹೋಗುತ್ತದೆ. ಆ ಅವಕಾಶ ತಪ್ಪಿದರೆ ಅರಿವಳಿಕೆ ನೀಡಿ ಕೀಲನ್ನು ಕೂರಿಸಿ, ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕಾಗುತ್ತದೆ.

ಸುಮಾರು ಒಂದೂವರೆ ವರ್ಷ ದಾಟಿದ ಮೇಲಂತೂ ಸಾಮಾನ್ಯವಾಗಿ ಕೀಲನ್ನು ತೆರೆದು, ಅಡ್ಡ ಬೆಳೆದ ಅಂಗಾಂಶವನ್ನು ತೆಗೆದು, ತೊಡೆಮೂಳೆಯ ತಲೆಯನ್ನು ಗುಳಿಯಲ್ಲಿ ಕೂರಿಸುವುದರ ಜೊತೆಗೆ, ಗುಳಿಯ ಆಸರೆ ಸಾಲದಿದ್ದರೆ, 1961ರಲ್ಲಿ ಕೆನಡಾದ ವೈದ್ಯ ರಾಬರ್ಟ್ ಸಾಲ್ಟರ್ ವಿವರಿಸಿದಂತೆ ಸೊಂಟದ ಮೂಳೆಯನ್ನು ಕತ್ತರಿಸಿ, ವಾಲಿಸಿ, ನಡುವೆ ಮೂಳೆಯ ತುಂಡೊಂದನ್ನು ಇಟ್ಟು ನಿಲ್ಲಿಸಬೇಕಾಗುತ್ತದೆ. ಇನ್ನೂ ದೊಡ್ಡ ಮಕ್ಕಳಲ್ಲಿ ತೊಡೆಮೂಳೆಯನ್ನೇ ಕೊಂಚ ಗಿಡ್ಡಗೊಳಿಸುವುದುಂಟು. ಇಲ್ಲವಾದರೆ ಒತ್ತಡಕ್ಕೆ ಸಿಲುಕಿ ಮೂಳೆಯ ತಲೆಗೆ ರಕ್ತಸಂಚಾರ ನಿಲ್ಲುವ ಅಪಾಯವಿದೆ. ಇಷ್ಟು ಸಣ್ಣ ದೇಹಕ್ಕೆ ಇದು ಬಹಳ ದೊಡ್ಡ ಹೊರೆ.

ಆದ್ದರಿಂದ ಪ್ರತಿ ನವಜಾತ ಶಿಶುವಿನ ಸೊಂಟವನ್ನು ಕೈಯಿಂದ ಪರೀಕ್ಷಿಸಬೇಕು. ಗರ್ಭದಲ್ಲಿ ಪೃಷ್ಠ ಕೆಳಗಾಗಿದ್ದ ಅಥವಾ ಕುಟುಂಬದಲ್ಲಿ ಈ ತೊಂದರೆ ಇರುವ ಶಿಶುಗಳಿಗೆ ಅಲ್ಟ್ರಾಸೌಂಡ್ ಕೂಡ ಮಾಡಿಸಬೇಕೆಂದು ವೈದ್ಯರಲ್ಲಿಯೂ ಪೋಷಕರಲ್ಲಿಯೂ ಕಳಕಳಿಯಿಂದ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ